‘ಬೀಟಲ್ ನಟ್’ ಎಂಬ ಅಡಿಕೆ ಇಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈಚೆಗೆ ಅಡಿಕೆ ಧಾರಣೆಯ ಸುದ್ದಿಗೆ ‘ಬೀಟಲ್ ನಟ್ ತುಟ್ಟಿ’ ಎಂಬ ತಲೆಬರಹ ಬಂದಿತ್ತು. ಅದೇ ವಾರ ಮಕ್ಕಳ ಪುಟದಲ್ಲಿ ಇಂಗ್ಲಿಷಿಗೆ ನಮ್ಮ ಭಾಷೆಗಳು ಕೊಟ್ಟ ಶಬ್ದಗಳ ಪಟ್ಟಿಯೂ ಇತ್ತು: ಕ್ಯಾಶ್ ‘ಕಾಸಿ’ನಿಂದ, ಫಾದರ್ ‘ಪಿತೃ’ವಿನಿಂದ, ರೈಸ್ ‘ಅರಿಸಿ’ಯಿಂದ, ಬ್ಯಾಂಬೂ ‘ಬೊಂಬಿ’ನಿಂದ. ತಲೆಬರಹದಲ್ಲಿ ನಮ್ಮ ಶಬ್ದವನ್ನು ಕೈಬಿಟ್ಟಿದ್ದೇವೆ, ಪಟ್ಟಿಯಲ್ಲಿ ನಮ್ಮದಲ್ಲದ್ದಕ್ಕೂ ಕೈಹಾಕಿದ್ದೇವೆ. ಕಿವಿಗೆ ಕೇಳಿದ್ದನ್ನು ನಂಬಿ, ಶಬ್ದ ಯಾವ ದಾರಿ ಹಿಡಿದು ಹೋಯಿತು ಎಂದು ವಿಚಾರಿಸದೇ ಇದ್ದದ್ದು ಎರಡಕ್ಕೂ ಕಾರಣ. ಪರದೇಶದ ಹಡಗುಗಳಿಗೆ ಶತಮಾನಗಟ್ಟಲೆ ಸರಕು ತುಂಬಿದ ಕರಾವಳಿಯ ಜಿಲ್ಲೆ ನಮ್ಮದು. ಸರಕಿನ ಸಂಗಡ ಹೆಸರೂ ಹಡಗು ಹತ್ತಿದೆ. ಹಾಗಾಗಿ ಈ ಲೆಕ್ಕ ನಮ್ಮಲ್ಲಿ ತಪ್ಪಬಾರದು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಊಟ ಮುಗಿದ ಮೇಲೆ ಜಗಲಿಗೆ ಬರುವ ಕವಳದ, ಅಂದರೆ ತಾಂಬೂಲದ, ತಟ್ಟೆಯನ್ನೇ ನೋಡಿ. ಎಲೆ, ಅಡಿಕೆ, ಸುಣ್ಣ, ಕಾಚು, ತಂಬಾಕು. ಮೊದಲ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಇರುವ ಹೆಸರು ನಮ್ಮ ಕಡೆಯಿಂದ ಹೋದದ್ದು: ಬೀಟಲ್, ಅರೀಕ, ಚುನಾಮ್, ಕ್ಯಾಟೆಚು. ಐದನೆಯದು ಮಾತ್ರ ಅಮೆರಿಕದ ಗಿಡ, ತನ್ನ ಹೆಸರನ್ನು ತಾನೇ ಹೊತ್ತು ತಂದು ತಟ್ಟೆಯಲ್ಲಿ ಜಾಗ ಮಾಡಿಕೊಂಡಿದೆ.

ಈಗ ತಲೆಬರಹದ ವಿಷಯ. ‘ಬೀಟಲ್’ ಎಂದರೆ ಎಲೆ. ಮಲಯಾಳದ ‘ವೆಟ್ಟಿಲ’ ಪೋರ್ಚುಗೀಸರ ಬಾಯಲ್ಲಿ ‘ಬೆಟೆಲೆ’ ಆಯಿತು, ಅಲ್ಲಿಂದ ಇಂಗ್ಲಿಷಿಗೆ ‘ಬೀಟಲ್’ ಆಗಿ ಹೋಯಿತು. ವೆಟ್ಟಿಲದಲ್ಲಿರುವ ‘ಇಲ’ ನಮ್ಮ ‘ಎಲೆ’ಯೇ. ಅಡಿಕೆಯದು ಬೇರೆ ಗಿಡ, ಬೇರೆ ಹೆಸರು: ಅರೀಕ. ಎಲೆ ಬಳ್ಳಿಯಲ್ಲಿ ಬಿಡುತ್ತದೆ, ಅಡಿಕೆ ಮರದಲ್ಲಿ. ತೋಟದಲ್ಲಿ ಆ ಬಳ್ಳಿ ಈ ಮರಕ್ಕೆ ಹಬ್ಬುವುದುಂಟು, ಬಾಯಲ್ಲಿ ಎರಡೂ ಕೂಡುವುದುಂಟು. ಅಷ್ಟಕ್ಕೇ ಪರದೇಶಿಗಳು ಎಲೆಯ ಹೆಸರನ್ನು ಕಾಯಿಗೆ ಅಂಟಿಸಿ ‘ಎಲೆಯ ಜೊತೆ ತಿನ್ನುವ ಬೀಜ’ ಎಂಬ ಅರ್ಥದಲ್ಲಿ ‘ಬೀಟಲ್ ನಟ್’ ಎಂದರು. ಅವರು ನೋಡಿದ್ದು ಅಗಿಯುವವರನ್ನು, ಬೆಳೆಯುವವರನ್ನಲ್ಲ. ಬೆಳೆಯುವ ನಾವೂ ಅದನ್ನೇ ಬರೆಯುವುದು ಸೋಜಿಗ. ಅದೂ ಕನ್ನಡ ಲಿಪಿಯಲ್ಲಿ ಬರೆದರೆ ಎಲೆಯ ಬೀಟಲ್ಲಿಗೂ ಜೀರುಂಡೆಯ ಬೀಟಲ್ಲಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇದು ಬರೀ ಪಂಡಿತರ ತಕರಾರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೊರತಂದ ವರದಿ ತಂಬಾಕು ಹಾಕಿದ ಕವಳ, ತಂಬಾಕು ಇಲ್ಲದ ಕವಳ ಮತ್ತು ಬರೀ ಅಡಿಕೆ, ಈ ಮೂರನ್ನೂ ಪ್ರತ್ಯೇಕವಾಗಿ ಹೆಸರಿಸಿ ತೀರ್ಮಾನ ಹೇಳುತ್ತದೆ. ಅಂಥ ವರದಿಯ ಅನುವಾದದಲ್ಲಿ ‘ಬೀಟಲ್’ ಎಂದಷ್ಟೇ ಹಾಕಿದರೆ ಹೇಳಿದ್ದು ಎಲೆಯ ಬಗ್ಗೆಯೋ, ಅಡಿಕೆಯ ಬಗ್ಗೆಯೋ, ಕವಳದ ಬಗ್ಗೆಯೋ ಎಂದು ಓದುಗನಿಗೆ ತಿಳಿಯುವುದಿಲ್ಲ. ಎಲೆತೋಟದವನ ಮೇಲೆ ಸುಮ್ಮನೇ ಗೂಬೆ ಕೂರುತ್ತದೆ. ಅನುವಾದಕರು ಇಷ್ಟು ನೆನಪಿಟ್ಟರೆ ಸಾಕು: ‘ಬೀಟಲ್ ಲೀಫ್’ ವೀಳ್ಯದೆಲೆ, ‘ಬೀಟಲ್ ವೈನ್’ ಎಲೆಬಳ್ಳಿ, ‘ಬೀಟಲ್ ಕ್ವಿಡ್’ ಕವಳ, ‘ಬೀಟಲ್ ನಟ್’ ಅಡಿಕೆ.

ಹಾಗಾದರೆ ‘ಅರೀಕ’ ಕನ್ನಡದ್ದೇ? ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಹೆಚ್ಚಿನ ಇಂಗ್ಲಿಷ್ ನಿಘಂಟುಗಳು ಮಲಯಾಳದ ‘ಅಡಕ್ಕ’ವನ್ನು ಮೂಲವೆಂದು ಕೊಟ್ಟು, ಕನ್ನಡದ ‘ಅಡಿಕೆ’ ಮತ್ತು ತಮಿಳಿನ ‘ಅಡೈಕ್ಕಾಯ್’ ಹೋಲಿಸಿ ನೋಡಿ ಎನ್ನುತ್ತವೆ. ಪೋರ್ಚುಗೀಸರು ಮೊದಲು ಬಂದಿಳಿದದ್ದು 1498ರಲ್ಲಿ ಕೋಳಿಕ್ಕೋಡಿನ ಬಳಿ, ಗೋವೆ ಅವರ ಕೈಗೆ ಸಿಕ್ಕಿದ್ದು 1510ರಲ್ಲಿ. ಮಲಯಾಳಕ್ಕೆ ಮೊದಲ ಮಣೆ ಸಿಗುವುದು ಹೀಗೆ. ಶಿರಸಿ ಕಡೆಯವರ ಬಾಯಲ್ಲಿ ಬರುವುದು ‘ಅಡಕೆ’, ಪೋರ್ಚುಗೀಸರು ಬರೆದದ್ದು ‘ಅರೆಕ’. ಎರಡನ್ನೂ ಒಟ್ಟಿಗೆ ಹೇಳಿಕೊಂಡರೆ ಆಸೆ ಹುಟ್ಟುವುದು ಸಹಜ. ಆದರೆ ಅಡಕ್ಕ, ಅಡಕೆ ಒಂದೇ ಮನೆಯ ಅಕ್ಕತಂಗಿಯರು. ಹಡಗು ಹತ್ತಿದ್ದು ಇವಳೇ ಎಂದು ಮುಖಚಹರೆಯಿಂದ ಹೇಳಲು ಬರುವುದಿಲ್ಲ. ‘ಅಡಕ್ಕ–ಅಡಿಕೆ ಬಳಗದಿಂದ, ಪೋರ್ಚುಗೀಸ್ ಮೂಲಕ’ ಎಂದು ಬರೆದರೆ ಸತ್ಯಕ್ಕೂ ಧಕ್ಕೆಯಿಲ್ಲ, ನಮಗೂ ನಷ್ಟವಿಲ್ಲ.

ನಡುವಿನ ‘ಡ’ ‘ರ’ ಆದದ್ದೇಕೆ ಎಂದು ಕೇಳಬಹುದು. ನಾಲಿಗೆಯನ್ನು ಹಿಂದಕ್ಕೆ ಮಡಿಚಿ ಹೇಳುವ ನಮ್ಮ ‘ಡ’ ಪೋರ್ಚುಗೀಸಿನಲ್ಲಿಲ್ಲ. ಎರಡು ಸ್ವರಗಳ ನಡುವೆ ಅದು ಬಂದಾಗ ಅವರ ಕಿವಿಗೆ ‘ರ’ಕಾರದಂತೆ ಕೇಳಿಸಿತು. ಇದೇ ತೊಡಕು ತಿರುಗುಮುರುಗಾಗಿ ಆದದ್ದೂ ಇದೆ. ಹಿಂದಿಯಲ್ಲಿ ತಾಳೆಯ ಕಳ್ಳಿಗೆ ‘ತಾಡೀ’ ಎನ್ನುತ್ತಾರೆ. ಅಲ್ಲಿರುವುದು ಡಕಾರಕ್ಕೂ ರಕಾರಕ್ಕೂ ನಡುವಿನ ಒಂದು ಧ್ವನಿ. ಇಂಗ್ಲಿಷರು ಅದನ್ನು ‘ಡ’ ಎಂದೇ ಹಿಡಿದು ‘ಟಾಡಿ’ ಮಾಡಿದರು. ಮುಂದೆ ಸ್ಕಾಟ್ಲೆಂಡಿನಲ್ಲಿ ವಿಸ್ಕಿಗೆ ಬಿಸಿನೀರು, ಸಕ್ಕರೆ ಬೆರೆಸಿದ ಪೇಯಕ್ಕೂ ಅದೇ ಹೆಸರಾಯಿತು. ಕಳ್ಳು ಇಳಿಸುವವರಿಗೆ ಹೇಳಿದರೆ ನಂಬಲಿಕ್ಕಿಲ್ಲ.

ತಟ್ಟೆಯ ಇನ್ನೆರಡು. ಚುನಾಮ್ ದಕ್ಷಿಣದ ಸುಣ್ಣವೇ, ತಮಿಳಿನ ದಾರಿಯಲ್ಲಿ ಹೋದದ್ದು. ಹಿಂದೆ ಸಂಸ್ಕೃತದ ‘ಚೂರ್ಣ’ ಇದೆ. ಕಾಚಿನ ಕಥೆ ಸ್ವಾರಸ್ಯದ್ದು. ಕಾಚು ತೆಗೆಯುವುದು ಖೈರದ ಮರದ ಚೇಗಿನ, ಅಂದರೆ ಗಟ್ಟಿ ಒಳತಿರುಳಿನ, ತುಂಡುಗಳನ್ನು ನೀರಿನಲ್ಲಿ ಕುದಿಸಿ ಬತ್ತಿಸಿ. ಆದರೆ 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಸಸ್ಯಗಳಿಗೆ ಹೆಸರಿಡುವಾಗ ಕಾಚಿನ ಹೆಸರನ್ನು ಅಡಿಕೆ ಮರಕ್ಕೆ ಜೋಡಿಸಿದ. ಅಡಿಕೆಯ ಶಾಸ್ತ್ರೀಯ ಹೆಸರು ಇಂದಿಗೂ ‘ಅರೆಕಾ ಕಟೆಚು’. ತಪ್ಪೆಂದು ನಗುವ ಮೊದಲು ನಮ್ಮ ಅಡಿಕೆ ಬೇಯಿಸುವ ಹಂಡೆಯನ್ನು ಇಣುಕಿ ನೋಡಬೇಕು. ಸುಲಿದ ಹಸಿ ಅಡಿಕೆ ಬೆಂದ ಮೇಲೆ ತಳದಲ್ಲಿ ಉಳಿಯುವ ಕಡುಗೆಂಪು ಚೊಗರು, ಇನ್ನಷ್ಟು ಬತ್ತಿಸಿದರೆ ಗಟ್ಟಿಯಾಗುತ್ತದೆ; ಬಣ್ಣ, ಒಗರು ಎರಡರಲ್ಲೂ ಕಾಚಿನ ತಮ್ಮನಂತೆಯೇ ಇರುತ್ತದೆ. ದೂರದೇಶದಲ್ಲಿ ಕುಳಿತವನಿಗೆ ಎರಡೂ ಒಂದೇ ಎನಿಸಿದ್ದರೆ ಆಶ್ಚರ್ಯವಿಲ್ಲ.

ಮಕ್ಕಳ ಪುಟದ ಪಟ್ಟಿಗೆ ಬರುತ್ತೇನೆ. ‘ಕ್ಯಾಶ್’ ಕಾಸಿನಿಂದ ಬಂತು ಎಂಬುದು ಎಲ್ಲೆಡೆ ಓಡಾಡುವ ಮಾತು, ಅರ್ಧ ನಿಜ ಇರುವುದರಿಂದ ಸಾಯುವುದೂ ಇಲ್ಲ. ಇಂಗ್ಲಿಷಿನಲ್ಲಿ ಕ್ಯಾಶ್ ಎಂಬ ಶಬ್ದಗಳು ಎರಡಿವೆ. ಅಂಗಡಿಯಲ್ಲಿ ‘ಕ್ಯಾಶ್ ಕೊಡಿ’ ಎನ್ನುವ ಕ್ಯಾಶ್, ಪೆಟ್ಟಿಗೆ ಎಂಬ ಅರ್ಥದ ಫ್ರೆಂಚ್, ಇಟಾಲಿಯನ್ ಶಬ್ದದಿಂದ ಬಂದದ್ದು. ಮೊದಲು ಹಣವಿಡುವ ಪೆಟ್ಟಿಗೆ, ಆಮೇಲೆ ಪೆಟ್ಟಿಗೆಯೊಳಗಿನ ಹಣ. ಕ್ಯಾಶಿಯರ್ ಎಂದರೆ ಪೆಟ್ಟಿಗೆ ಕಾಯುವವನು. ಇನ್ನೊಂದು ಕ್ಯಾಶ್ ದಕ್ಷಿಣ ಭಾರತದ ಚಿಕ್ಕ ನಾಣ್ಯ, ಅದು ನಮ್ಮ ಕಾಸೇ. ಮದರಾಸಿನ ಹಳೆಯ ಲೆಕ್ಕದಲ್ಲಿ 80 ಕ್ಯಾಶಿಗೆ ಒಂದು ಫನಂ, 42 ಫನಂಗೆ ಒಂದು ಪಗೋಡ ಎಂಬ ಚಿನ್ನದ ನಾಣ್ಯ. ಈ ಸಾಲಿನಲ್ಲಿ ಕಾಸಿಗಿಂತ ಮಜವಾದದ್ದು ಫನಂ. ಅದು ‘ಪಣಂ’, ಅಂದರೆ ನಮ್ಮ ‘ಹಣ’. ಹಳಗನ್ನಡದ ‘ಪ’ ನಮ್ಮಲ್ಲಿ ‘ಹ’ ಆಯಿತು, ಪರದೇಶಿಗಳ ಬಾಯಲ್ಲಿ ‘ಫ’ ಆಯಿತು. ಮಕ್ಕಳಿಗೆ ಕ್ಯಾಶಿನ ಬದಲು ಇದನ್ನು ಹೇಳಿಕೊಡಬಹುದಿತ್ತು.

ಫಾದರ್–ಪಿತೃ ಸಾಲಪಡೆದ ಜೋಡಿಯೇ ಅಲ್ಲ. ಸಂಸ್ಕೃತವೂ ಇಂಗ್ಲಿಷೂ ಒಂದು ಹಳೆಯ ಕುಟುಂಬದ ದೂರದ ಕವಲುಗಳು. ಅಜ್ಜನ ಮನೆಯ ಪಾತ್ರೆ ಇಬ್ಬರ ಪಾಲಿಗೂ ಬಂದಿದ್ದರೆ ಒಬ್ಬರಿಂದ ಒಬ್ಬರು ಸಾಲ ತಂದರು ಎನ್ನುವುದಿಲ್ಲವಲ್ಲ. ಸಾಲವೋ ಪಾಲೋ ಎಂದು ಪತ್ತೆ ಮಾಡಲು ಒಂದು ಸುಲಭ ಉಪಾಯವಿದೆ. ಪಾಲಾಗಿ ಬಂದ ಶಬ್ದಗಳಲ್ಲಿ ಸಂಸ್ಕೃತದ ‘ಪ’ ಇರುವಲ್ಲಿ ಇಂಗ್ಲಿಷಿನಲ್ಲಿ ‘ಫ’ ಇರುತ್ತದೆ, ‘ದ’ ಇರುವಲ್ಲಿ ‘ಟ’: ಪಿತೃ–ಫಾದರ್, ಪಾದ–ಫುಟ್, ದಂತ–ಟೂತ್. ಸಾಲ ತಂದ ಶಬ್ದಗಳಲ್ಲಿ ಈ ಬದಲಾವಣೆ ನಿಯಮದಂತೆ ಕಾಣುವುದಿಲ್ಲ; ಫನಂನಂಥದ್ದು ಬಿಡಿ ಉದಾಹರಣೆ. ‘ಪಂಡಿತ’ ಇಂಗ್ಲಿಷಿಗೆ ಹೋದ ಮೇಲೂ ಪಕಾರದಿಂದಲೇ ಶುರುವಾಗುತ್ತದೆ.

ರೈಸ್ ಮತ್ತು ಬ್ಯಾಂಬೂ ವಿಷಯದಲ್ಲಿ ಪಟ್ಟಿ ಮಾಡಿದವರ ತಪ್ಪು ಬೇರೆ ಬಗೆಯದು. ಅವು ತೀರ್ಮಾನವಾಗದ ವ್ಯಾಜ್ಯಗಳು. ರೈಸ್ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಅದರ ಹಿಂದೆ ಇಟಾಲಿಯನ್, ಲ್ಯಾಟಿನ್, ಗ್ರೀಕ್. ಗ್ರೀಕರಿಗೆ ಕೊಟ್ಟವರು ಯಾರು ಎಂಬಲ್ಲಿ ಜಗಳ. ಹಳೆಯ ಇರಾನಿನ ಮೂಲಕ ಸಂಸ್ಕೃತದ ‘ವ್ರೀಹಿ’ಯ ಬಳಗ ಎನ್ನುವವರು ಹೆಚ್ಚು, ತಮಿಳಿನ ‘ಅರಿಸಿ’ ಎನ್ನುವವರೂ ಇದ್ದಾರೆ. ಬ್ಯಾಂಬೂವಿಗೆ ಮಲಯ ಭಾಷೆ (ಮಲೇಷ್ಯಾ ಕಡೆಯದು, ಮಲಯಾಳವಲ್ಲ) ಒಂದು ಕಡೆ, ಕನ್ನಡ ಇನ್ನೊಂದು ಕಡೆ ನಿಂತಿವೆ. ಇವನ್ನು ‘ಇರಬಹುದು’ ಎಂದು ಬರೆದಿದ್ದರೆ ಆಕ್ಷೇಪವಿರಲಿಲ್ಲ. ದಾಂಡೇಲಿ ಕಾಡಿನ ಸೀಳುನಾಯಿಗೆ ಇಂಗ್ಲಿಷಿನಲ್ಲಿರುವ ‘ಧೋಲ್’ ಎಂಬ ಹೆಸರೂ ಹೀಗೇ. ಕನ್ನಡದ ‘ತೋಳ’ದಿಂದ ಬಂದಿರಬಹುದು ಎಂಬ ಊಹೆ ಇದೆ. ಆದರೆ ತೋಳ ಬೇರೆ ಪ್ರಾಣಿ, ಸೀಳುನಾಯಿ ಬೇರೆ ಎಂದು ಇಲ್ಲಿಯ ದನಗಾಹಿ ಹುಡುಗನೂ ಬಲ್ಲ.

ದಾರಿ ನೋಡಬೇಕು ಎಂದೆನಲ್ಲ, ಅದಕ್ಕೆ ಮೆಣಸಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಸೋದೆ ಸೀಮೆಯ ಮೆಣಸಿನ ಹೆಸರು ಕೇಳಿಯೇ ಕೋರ್ಟೀನ್ ಎಂಬವನ ಇಂಗ್ಲಿಷ್ ಕಂಪನಿ 1638ರಲ್ಲಿ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆಯಿತು. ಅಷ್ಟರೊಳಗೆ ಅವರ ಭಾಷೆಯಲ್ಲಿ ‘ಪೆಪ್ಪರ್’ ಸಾವಿರ ವರ್ಷ ಹಳೆಯ ಶಬ್ದವಾಗಿತ್ತು. ಅದರ ಮೂಲ ಸಂಸ್ಕೃತದ ‘ಪಿಪ್ಪಲಿ’. ಗ್ರೀಕಿನಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪಿಪೆರ್’. ‘ಲಿ’ ಇದ್ದಲ್ಲಿ ‘ರಿ’ ಬಂದದ್ದನ್ನು ಗಮನಿಸಿ. ಹಳೆಯ ಪರ್ಶಿಯನ್ನಿನಲ್ಲಿ ಲಕಾರದ ಜಾಗದಲ್ಲಿ ರಕಾರ ಬರುತ್ತಿತ್ತು. ಹಾಗಾಗಿ ಆ ಒಂದು ಅಕ್ಷರವೇ ಸರಕು ಪರ್ಶಿಯಾ ಹಾದು ಹೋದದ್ದಕ್ಕೆ ಚೀಟಿ ಇದ್ದಂತೆ. ಇನ್ನೊಂದು ತಮಾಷೆ: ಪಿಪ್ಪಲಿ ಎಂದರೆ ನಮ್ಮ ಹಿಪ್ಪಲಿ, ಕಾಳುಮೆಣಸಲ್ಲ. ಯುರೋಪಿಗೆ ಹಿಪ್ಪಲಿಯ ಹೆಸರಿನಲ್ಲಿ ಕಾಳುಮೆಣಸು ಹೋಯಿತು. ಮುಂದೆ ಅಮೆರಿಕದಿಂದ ಹಸಿಮೆಣಸು ಬಂದಾಗ ಅದಕ್ಕೂ ಅವರು ಪೆಪ್ಪರ್ ಎಂದರು. ನಾವೂ ಕಾಳುಮೆಣಸಿನ ಹೆಸರನ್ನೇ ಎಳೆದು ‘ಮೆಣಸಿನಕಾಯಿ’ ಮಾಡಿದೆವು. ಬಾಯಿ ಉರಿದಾಗ ಎರಡು ಖಂಡದವರೂ ಒಂದೇ ರೀತಿ ಯೋಚಿಸಿದ್ದಾರೆ.

ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನ್ಹಾ ದ ಪಿಮೆಂತ’, ಮೆಣಸಿನ ರಾಣಿ, ಎಂದು ಕರೆದದ್ದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆ ‘ಪಿಮೆಂತ’ ಪೆಪ್ಪರಿನ ನೆಂಟನಲ್ಲ. ಲ್ಯಾಟಿನ್ನಿನಲ್ಲಿ ಬಣ್ಣಕ್ಕಿದ್ದ ಶಬ್ದ ಅದು, ಇಂಗ್ಲಿಷಿನ ‘ಪಿಗ್ಮೆಂಟ್’ ಕೂಡ ಅದರದೇ ಕುಡಿ. ಬಣ್ಣದಿಂದ ಮಸಾಲೆಗೆ, ಮಸಾಲೆಯಿಂದ ಮೆಣಸಿಗೆ ಅರ್ಥ ಸರಿದಿದೆ.

ಬೆಲ್ಲಕ್ಕೆ ಇಂಗ್ಲಿಷಿನಲ್ಲಿರುವ ‘ಜಾಗರಿ’ ಮತ್ತು ಸಕ್ಕರೆಗಿರುವ ‘ಶುಗರ್’ ಎರಡೂ ಸಂಸ್ಕೃತದ ‘ಶರ್ಕರಾ’. ಒಂದು ನಮ್ಮ ಕರಾವಳಿಗಳಲ್ಲಿ ಪೋರ್ಚುಗೀಸರ ಕೈಗೆ ಸಿಕ್ಕು ಹೋಯಿತು, ಇನ್ನೊಂದು ಪರ್ಶಿಯನ್, ಅರಬ್ಬಿ, ಇಟಾಲಿಯನ್, ಫ್ರೆಂಚ್ ಸುತ್ತಿ ಹೋಯಿತು. ಇಲ್ಲಿಯೇ ಇನ್ನೊಂದು ಅನುವಾದದ ತಪ್ಪನ್ನೂ ಹೇಳಿಬಿಡುತ್ತೇನೆ. ಆಲೆಮನೆಯ ಜೋನಿ ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ‘ಮೊಲಾಸಿಸ್’ ಎಂದು ಡಬ್ಬಿಯ ಮೇಲೆ ಬರೆಯುವುದನ್ನು ಕಾಣುತ್ತೇವೆ. ಮೊಲಾಸಿಸ್ ಎಂದರೆ ಸಕ್ಕರೆಯ ಹರಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಾಕಂಬಿ. ಜೋನಿ ಬೆಲ್ಲದಿಂದ ಏನನ್ನೂ ತೆಗೆದಿರುವುದಿಲ್ಲ. ಕಬ್ಬಿನ ಹಾಲನ್ನು ಕಾಯಿಸಿ, ಅಚ್ಚಿಗೆ ಬರುವಷ್ಟು ಗಟ್ಟಿಯಾಗುವ ಮೊದಲೇ ಕೊಪ್ಪರಿಗೆ ಇಳಿಸಿದ್ದು ಅದು. ದ್ರವರೂಪದ ಜಾಗರಿ ಎನ್ನುವುದೇ ಸರಿ. ಕಾಕಂಬಿ ಎಂದು ಹೆಸರಿಟ್ಟು ಮಾರಿದರೆ ದರವೂ ಕಾಕಂಬಿಯದೇ ಕೇಳುತ್ತಾರೆ.

ಕೊಬ್ಬರಿಯ ‘ಕಾಪ್ರಾ’, ತೇಗದ ‘ಟೀಕ್’, ಮಾವಿನ ‘ಮ್ಯಾಂಗೋ’, ನಾರಿನ ‘ಕಾಯರ್’, ಇವೆಲ್ಲ ಅಡಿಕೆ ಹತ್ತಿದ ಹಡಗಿನವೇ, ಹೆಚ್ಚಿನವು ಮಲಯಾಳದ ದಕ್ಕೆಯಿಂದ. ಜ್ಯಾಕ್‌ಫ್ರೂಟಿನ ಜ್ಯಾಕ್ ಯಾವ ದೊರೆಯೂ ಅಲ್ಲ, ಮಲಯಾಳದ ‘ಚಕ್ಕ’. ‘ಗೋಡೌನ್’ ಕೇಳಿ ಕೆಳಗಿಳಿದು ಹೋಗುವ ಉಗ್ರಾಣ ಇರಬೇಕು ಎಂದು ಇಂಗ್ಲಿಷರೇ ಅರ್ಥ ಹಚ್ಚಿದ್ದರು. ಅದು ಮಲಯ ಭಾಷೆಯಿಂದ ಪೋರ್ಚುಗೀಸರ ಮೂಲಕ ಬಂದದ್ದು, ಮಲಯಕ್ಕೆ ಹೋದದ್ದು ತಮಿಳು, ತೆಲುಗು ಕಡೆಯಿಂದ ಎಂದು ತಿಳಿದವರ ಅಭಿಪ್ರಾಯ. ಕಿವಿಯ ಮೋಸ ಅವರಿಗೂ ತಪ್ಪಿದ್ದಲ್ಲ. ಮುಂಗುಸಿಯ ‘ಮಂಗೂಸ್’ನಲ್ಲಿಯೂ ‘ಗೂಸ್’ ಎಂಬ ಬಾತು ಅಡಗಿದೆ ಎಂದುಕೊಂಡು ಬಹುವಚನದಲ್ಲಿ ‘ಮಂಗೀಸ್’ ಬರೆಯುವವರಿದ್ದಾರೆ. ಮರಾಠಿಯ ‘ಮುಂಗೂಸ್’, ನಮ್ಮ ‘ಮುಂಗುಸಿ’ಗೂ ಬಾತಿಗೂ ಸಂಬಂಧವಿಲ್ಲ, ಬಹುವಚನ ‘ಮಂಗೂಸಸ್’.

ಅರ್ಥ ಬದಲಾದ ಶಬ್ದಗಳಲ್ಲಿ ಸುದ್ದಿ ಬರೆಯುವವರು ಎಡವುವುದು ಜಾಸ್ತಿ. ಹಳೆಯ ಸರ್ಕಾರಿ ಕಾಗದದ ‘ಟ್ಯಾಂಕ್’ ಕೆರೆ. ಅದನ್ನು ಹಾಗೆಯೇ ‘ಟ್ಯಾಂಕ್ ಒಡೆದು ಗದ್ದೆ ನಾಶ’ ಎಂದು ಇಳಿಸಿದರೆ ಓದುಗ ಮಾಳಿಗೆಯ ಮೇಲಿನ ಸಿಂಟೆಕ್ಸ್ ನೆನೆಯುತ್ತಾನೆ. ‘ಕ್ಯಾಟಮರಾನ್’ ತಮಿಳಿನ ‘ಕಟ್ಟುಮರಂ’, ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಇಂಗ್ಲಿಷಿನಲ್ಲಿ ಅದು ಈಗ ಅಕ್ಕಪಕ್ಕ ಎರಡು ಒಡಲಿರುವ ದೋಣಿ. ನಮ್ಮ ಪಾತಿ ದೋಣಿ ಒಂದೇ ಒಡಲಿನದು, ಎರಡರ್ಥದಲ್ಲೂ ಕ್ಯಾಟಮರಾನ್ ಆಗುವುದಿಲ್ಲ.

‘ಮಾನ್ಸೂನ್’ ಅರಬ್ಬಿಯ ‘ಮೌಸಿಮ್’, ಪೋರ್ಚುಗೀಸರ ಮೂಲಕ ಹೋದದ್ದು. ಮೂಲದಲ್ಲಿ ಅದಕ್ಕೆ ಮಳೆ ಎಂಬ ಅರ್ಥವೇ ಇಲ್ಲ. ಅರಬ್ಬಿ ನಾವಿಕರಿಗೆ ಅದು ಯಾವ ಗಾಳಿಗೆ, ಯಾವ ತಿಂಗಳಲ್ಲಿ ಹಡಗು ಬಿಡಬಹುದು ಎಂಬ ಗೊತ್ತಾದ ಕಾಲ. ಆ ಹಳೆಯ ಅರ್ಥ ಈಗ ನಿಘಂಟಿಗಿಂತ ಕಾರವಾರದ ಬೈತಖೋಲ ಬಂದರಿನಲ್ಲಿ ಚೆನ್ನಾಗಿ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮಳೆ ಬರಲಿ ಬಿಡಲಿ, ದಕ್ಕೆಯಲ್ಲಿ ಕಟ್ಟಿ ನಿಂತ ಬೋಟುಗಳು ಮೌಸಿಮ್ ಎಂದರೇನೆಂದು ತೋರಿಸುತ್ತವೆ.

ಪಟ್ಟಿ ತಯಾರಿಸುವವರಿಗೆ ಎರಡು ಮಾತು. ನಿಘಂಟಿನಲ್ಲಿ ‘ಹೋಲಿಸಿ’ ಎಂಬುದರ ಮುಂದೆ ಕನ್ನಡ ಶಬ್ದ ಇದ್ದರೆ ಅದು ಮೂಲ ಎಂದಲ್ಲ, ನೆಂಟ ಎಂದಷ್ಟೇ. ಇಂಥ ಪಟ್ಟಿಗಳ ಅರ್ಧದಷ್ಟು ತಪ್ಪು ಹುಟ್ಟುವುದು ಇಲ್ಲಿ. ಭಾರತದ ಕಡೆಯಿಂದ ಇಂಗ್ಲಿಷಿಗೆ ಹೋದ ಶಬ್ದಗಳ ಬಗ್ಗೆ ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿ 1886ರಲ್ಲಿ ಹೊರಬಂದ ‘ಹಾಬ್ಸನ್-ಜಾಬ್ಸನ್’ ಕೋಶವನ್ನು ನೋಡುವಾಗ ನಮೂದಿನ ಮೊದಲ ಸಾಲಿಗೇ ನಿಲ್ಲಬಾರದು. ಒಂದು ಅಭಿಪ್ರಾಯ ಹೇಳಿ ಅದನ್ನು ಮುಂದೆ ಅವರೇ ತಳ್ಳಿಹಾಕಿದ್ದೂ ಇರುತ್ತದೆ. ಅದರಲ್ಲಿ ಕನ್ನಡದ ಹೆಸರು ‘ಕ್ಯಾನರೀಸ್’ ಎಂದಿರುತ್ತದೆ. ಕಿಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ಕೋಶವನ್ನು ಪಕ್ಕದಲ್ಲಿಟ್ಟುಕೊಂಡು, ಇಂದು ಹಕಾರದಿಂದ ಶುರುವಾಗುವ ಶಬ್ದವನ್ನು ಪಕಾರದಲ್ಲಿಯೂ ಹುಡುಕಬೇಕು. ‘ಬ್ಯಾಂಡಿಕೂಟ್’ ಎಂಬ ಹೆಗ್ಗಣ ತೆಲುಗಿನ ‘ಪಂದಿಕೊಕ್ಕು’ ಎಂದು ಓದಿದಾಗ, ಆ ‘ಪಂದಿ’ ನಮ್ಮ ಹಂದಿಯೇ ಎಂದು ಹೊಳೆಯುವುದು ಆಗ ಮಾತ್ರ.

ಪೇಟೆ ಧಾರಣೆಯಲ್ಲಿ ಅಡಿಕೆಯ ಬಗೆಗಳನ್ನು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಇಷ್ಟು ಕರಾರುವಾಕ್ಕಾಗಿ ಬರೆಯುವ ಪತ್ರಿಕೆ, ಅದೇ ಸುದ್ದಿಯ ತಲೆಬರಹದಲ್ಲಿ ‘ಅಡಿಕೆ’ ಎಂದು ಬರೆಯಲಿ. ಮಕ್ಕಳ ಪುಟಕ್ಕೆ ಒಂದು ತಿದ್ದುಪಡಿ ಹಾಕಿ: ಕ್ಯಾಶ್, ಫಾದರ್ ಎರಡನ್ನು ತೆಗೆದು ಅಲ್ಲಿ ಫನಂ, ಕಾಪ್ರಾ ಸೇರಿಸಬಹುದು. ಪಟ್ಟಿಯ ಉದ್ದವೇನೂ ಕಡಿಮೆಯಾಗುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಶಿರಸಿ